ಲೆಕ್ಕಕ್ಕೆ ಸಿಗದ ಪಿಚರ್

ಕ್ರಿಕೆಟ್‌ಗೆ ಬೌಲರ್ ಹೇಗೋ ಅಮೆರಿಕದ ಬೇಸ್‌ಬಾಲ್‌ಗೆ ಪಿಚರ್ ಹಾಗೆ. ಸಾರ್ವಕಾಲಿಕ ಶ್ರೇಷ್ಠ ಪಿಚರ್ ಯಾರು ಎಂಬ ವಾದ ಅಲ್ಲಿ ಮುಗಿಯುವುದೇ ಇಲ್ಲ. ಗೆಲುವುಗಳನ್ನೇ ಎಣಿಸಿದರೆ 511 ಪಂದ್ಯ ಗೆದ್ದ ಸೈ ಯಂಗ್ ಮೊದಲಿಗ. 417 ಗೆದ್ದ ವಾಲ್ಟರ್ ಜಾನ್ಸನ್ ಎರಡನೆಯವ. ಆದರೆ ಇಬ್ಬರೂ ಆಡಿದ್ದು ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದ ಲೀಗ್‌ಗಳಲ್ಲಿ. ಆ ವರ್ಣಭೇದದಿಂದಾಗಿ ಸ್ಯಾಚೆಲ್ ಪೇಜ್ ಎಂಬ ಕಪ್ಪು ಪಿಚರ್ ತನ್ನ ಯೌವನವನ್ನೆಲ್ಲ ನೀಗ್ರೋ ಲೀಗ್‌ಗಳಲ್ಲೇ ಕಳೆಯಬೇಕಾಯಿತು. 1948ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಸೇರಿದಾಗ ಅವನಿಗೆ 42 ವರ್ಷ. ಆಗಲೂ ಆರು ಪಂದ್ಯ ಗೆದ್ದು, ಸೋತದ್ದು ಒಂದೇ. ನೀಗ್ರೋ ಲೀಗ್‌ಗಳ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದ್ದು 2024ರಲ್ಲಿ. ಯಾರೂ ಬರೆದಿಡದ ಪಂದ್ಯಗಳು ಮಾತ್ರ ಕಳೆದೇ ಹೋದವು. ಆದ್ದರಿಂದ 511ರ ಎದುರು ಪೇಜ್‌ನ ಪೂರ್ಣ ಲೆಕ್ಕವನ್ನಿಟ್ಟು ತೂಗುವುದು ಇಂದಿಗೂ ಸಾಧ್ಯವಿಲ್ಲ.