ಹಲಗೆಯ ಮುಖವನ್ನಲ್ಲ, ಅಂಚನ್ನು ನೋಡಿರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನರಿಯದ ಗೃಹಸ್ಥರಿಲ್ಲ. ಈ ಎರಡು ಕಾರ್ಯಗಳಲ್ಲಿಯೂ ಇಂದು ತಪ್ಪದೆ ಬರತಕ್ಕ ವೆಚ್ಚಗಳಲ್ಲಿ ಹಲಗೆಯದೂ ಒಂದು. ಹೊಸ ಮನೆಗೆ ಗೋಡೆಯ ಬೀರುವೂ ಅಡುಗೆಮನೆಯ ಗೂಡುಗಳೂ ಬೇಕು. ಮದುವೆಯಾದ ಮಕ್ಕಳ ಹೊಸ ಸಂಸಾರಕ್ಕೆ ಮಂಚವೂ ಮೇಜೂ ಬೇಕು. ಮುಳಬಾಗಿಲು ತಾಲ್ಲೂಕಿನ ಬೈರಕೂರಿನಂತಹ ಊರಿನಲ್ಲಿ ಟೊಮೆಟೊ, ರೇಷ್ಮೆ, ಮಾವುಗಳ ಒಂದು ಬೆಳೆಯ ಹಣವು ಇವುಗಳಲ್ಲಿಯೇ ಕರಗಿಹೋಗುವುದುಂಟು. ಹೀಗಿದ್ದರೂ ನಮ್ಮಲ್ಲಿ ಬಹುಮಂದಿ ಹಲಗೆಯ ಬಣ್ಣವನ್ನೂ ಹೊಳಪನ್ನೂ ನೋಡುವರೇ ಹೊರತು ಅದರ ಒಡಲನ್ನು ನೋಡುವುದಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಬಾಗಿಲು ಉಬ್ಬಿ, ಕೀಲು ಕಿತ್ತು, ಹಣವೂ ನೆಮ್ಮದಿಯೂ ಒಟ್ಟಿಗೆ ಹೋಗುತ್ತವೆ.

ಹಿಂದೆ ಈ ತೊಡಕು ಇಷ್ಟಿರಲಿಲ್ಲ. ಹೊಲದ ಬದುವಿನ ಬೇವನ್ನೋ ತೋಟದ ಮುದಿ ಮಾವನ್ನೋ ಕೊಯ್ಯಿಸಿ, ನೆರಳಿನಲ್ಲಿ ಒಣಗಿಸಿ, ಆಚಾರಿಯ ಕೈಗೆ ಒಪ್ಪಿಸಿದರೆ ಸಾಕಾಗಿತ್ತು. ಮಾವಿಗೆ ಹುಳು ಬೀಳುವುದೆಂದೂ ಬೇವು ಅದಕ್ಕಿಂತ ಬಾಳುವುದೆಂದೂ ಆತನೇ ಬಲ್ಲವನಾಗಿದ್ದನು. ೧೯೯೬ರ ಡಿಸೆಂಬರಿನಲ್ಲಿ ಗೋದವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅರಣ್ಯದ ಮರಗಡಿತಕ್ಕೆ ಕಟ್ಟುನಿಟ್ಟಾದ ತಡೆಯನ್ನು ವಿಧಿಸಿದ ಮೇಲೆ, ಹಲಗೆಯ ಕಾರ್ಖಾನೆಗಳು ರೈತರ ತೋಪುಗಳ ಕಡೆಗೆ ಹೆಚ್ಚು ಹೆಚ್ಚಾಗಿ ತಿರುಗಿದವು. ಕೋಲಾರದ ಸೀಮೆಯ ನೀಲಗಿರಿ ತೋಪುಗಳನ್ನು ಕಾಣದವರಾರು? ಅವು ನೆಲದ ನೀರನ್ನು ಹೀರುವುವೆಂಬ ಕಳವಳದಿಂದ ೨೦೧೭ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೀಲಗಿರಿ, ಸಿಲ್ವರ್ ಓಕ್, ಹೆಬ್ಬೇವು ಮೊದಲಾದ ಬೇಗ ಬೆಳೆಯುವ ಮರಗಳೇ ಇಂದು ಹಾಳೆಯಾಗಿ, ಚೂರಾಗಿ, ನಾರಾಗಿ ಹಲಗೆಯ ರೂಪವನ್ನು ತಾಳುತ್ತಿವೆ. ಇಷ್ಟಕ್ಕೇ ಅವು ಕೀಳೆನ್ನಲಾಗದು. ಮರವನ್ನು ಹೇಗೆ ಕೂಡಿಸಿದ್ದಾರೆ, ಯಾವ ಅಂಟಿನಿಂದ ಕೂಡಿಸಿದ್ದಾರೆ ಎಂಬುದರ ಮೇಲೆ ಹಲಗೆಯ ಆಯುಸ್ಸು ನಿಂತಿದೆ.

ಅಂಗಡಿಯಲ್ಲಿ ದೊರೆಯುವ ಹಲಗೆಗಳಲ್ಲಿ ನಾಲ್ಕು ಮುಖ್ಯವಾದವು. ಮೊದಲನೆಯದು ಪ್ಲೈವುಡ್. ದಿಮ್ಮಿಯನ್ನು ಅಲಗಿಗೆ ಒಡ್ಡಿ ತಿರುಗಿಸಿ ತೆಳುವಾದ ಹಾಳೆಗಳಾಗಿ ಸುಲಿದು, ಒಂದರ ಎಳೆ ಉದ್ದಕ್ಕೂ ಮತ್ತೊಂದರ ಎಳೆ ಅಡ್ಡಕ್ಕೂ ಬರುವಂತೆ ಪೇರಿಸಿ, ಅಂಟು ಹಚ್ಚಿ ಕಾವಿನಲ್ಲಿ ಒತ್ತುತ್ತಾರೆ. ಮರವು ತೇವಕ್ಕೆ ಅಡ್ಡಲಾಗಿ ಉಬ್ಬುವಷ್ಟು ಉದ್ದಕ್ಕೆ ಉಬ್ಬುವುದಿಲ್ಲ. ಆದುದರಿಂದ ಒಂದು ಹಾಳೆ ಇನ್ನೊಂದನ್ನು ಬಿಗಿಹಿಡಿದು ನಿಲ್ಲಿಸುತ್ತದೆ. ಎರಡನೆಯದಾದ ಬ್ಲಾಕ್ ಬೋರ್ಡಿನಲ್ಲಿ ಒಳಗೆ ಮರದ ಪಟ್ಟಿಗಳೂ ಮೇಲೆ ಕೆಳಗೆ ಹಾಳೆಗಳೂ ಇರುವುವು. ಇದು ಹಗುರ, ಉದ್ದನೆಯ ಬಾಗಿಲು ಬಳುಕದಂತೆ ತಡೆಯುತ್ತದೆ. ಮೂರನೆಯದು ಮರದ ಚೂರನ್ನು ಅಂಟಿನಲ್ಲಿ ಒತ್ತಿದ ಪಾರ್ಟಿಕಲ್ ಬೋರ್ಡು. ನಾಲ್ಕನೆಯದು ಮರವನ್ನು ನಾರಾಗಿಸಿ ಒತ್ತಿದ ಎಂ.ಡಿ.ಎಫ್. ಇದರ ಮೈ ನುಣುಪು. ಬಣ್ಣಕ್ಕೂ ಕೊರೆತದ ಅಲಂಕಾರಕ್ಕೂ ಚೆನ್ನ. ಕೊನೆಯ ಎರಡೂ ಅಗ್ಗ. ಆದರೆ ಸಾಮಾನ್ಯ ದರ್ಜೆಯವು ನೀರು ಕುಡಿದು ಒಮ್ಮೆ ಉಬ್ಬಿದರೆ ಮೊದಲಿನಂತಾಗುವುದಿಲ್ಲ. ಪಾರ್ಟಿಕಲ್ ಬೋರ್ಡಿನಲ್ಲಿ ತಿರುಪುಮೊಳೆಯನ್ನು ಒಮ್ಮೆ ಕಿತ್ತರೆ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದೂ ಕಷ್ಟ.

ಇದರಿಂದ ತಿಳಿಯಬೇಕಾದುದೇನೆಂದರೆ, ಮನೆಗೆಲ್ಲ ಒಂದೇ ಹಲಗೆಯನ್ನು ಬಳಸಬೇಕಾದ ಅಗತ್ಯವಿಲ್ಲ. ಸಿಂಕಿನ ಕೆಳಗಿನ ಗೂಡಿಗೂ ಬಚ್ಚಲಿಗೆ ತಾಗಿದ ಬೀರುವಿಗೂ ಐ.ಎಸ್. ೭೧೦ ಎಂಬ ಗುರುತಿನ ಪ್ಲೈವುಡ್ಡನ್ನೇ ಕೊಳ್ಳತಕ್ಕದ್ದು. ಅದರ ಅಂಟು ೭೨ ಗಂಟೆಗಳ ಕಾಲ ಕುದಿಯುವ ನೀರನ್ನು ತಾಳಬೇಕೆಂಬುದು ನಿಯಮ. ಮಂಚ, ಬಟ್ಟೆಯ ಬೀರು ಮುಂತಾದ ಒಣ ಜಾಗದ ಸಾಮಾನುಗಳಿಗೆ ಐ.ಎಸ್. ೩೦೩ರ ಸಾಮಾನ್ಯ ಪ್ಲೈವುಡ್ಡು ಸಾಕು. ಉದ್ದ ಬಾಗಿಲುಗಳಿಗೆ ಬ್ಲಾಕ್ ಬೋರ್ಡು ತಕ್ಕದ್ದು. ಮಗುವಿನ ಓದುವ ಮೇಜಿಗೋ ಬಾಡಿಗೆ ಮನೆಯ ಪುಸ್ತಕದ ಗೂಡಿಗೋ ಪಾರ್ಟಿಕಲ್ ಬೋರ್ಡು ಆದೀತು. ಆದರೆ ಎರಡು ಅಡಿಗೊಂದು ಆಧಾರವಿರಲಿ, ಕೊಯ್ದ ಅಂಚುಗಳೆಲ್ಲ ಪಟ್ಟಿಯಿಂದ ಮುಚ್ಚಿರಲಿ.

ನಮ್ಮ ಬಯಲುಸೀಮೆಯಲ್ಲಿ ಮಳೆ ಕಡಿಮೆಯೆಂದು ನೀರಿನ ಭಯವನ್ನು ಮರೆಯುವುದು ಸಲ್ಲದು. ಹಲಗೆಯನ್ನು ಕೆಡಿಸುವುದು ಆಕಾಶದ ಮಳೆಗಿಂತ ಹೆಚ್ಚಾಗಿ ನೆಲ ತೊಳೆದ ನೀರು, ಸೋರುವ ನಲ್ಲಿ, ಹಸಿಯಾರದ ಹೊಸ ಗೋಡೆ. ಗಾರೆ ಚೆನ್ನಾಗಿ ಒಣಗುವವರೆಗೆ ಬೀರುವನ್ನು ಗೋಡೆಗೆ ಕೂಡಿಸದಿರುವುದು ಲೇಸು. ನೆಲಕ್ಕೂ ಹಲಗೆಗೂ ನಾಲ್ಕು ಬೆರಳು ಅಂತರವಿರಲಿ. ಗೆದ್ದಲಿನ ಮಾತೇ ಬೇರೆ. ನೀರು ತಾಳುವ ಹಲಗೆಯೆಲ್ಲ ಹುಳುವನ್ನೂ ತಾಳುವುದೆಂದು ಭಾವಿಸಬಾರದು. ಎರಡನ್ನೂ ಪ್ರತ್ಯೇಕವಾಗಿ ಕೇಳಿ ತಿಳಿಯತಕ್ಕದ್ದು.

ಇನ್ನು ಪರೀಕ್ಷೆಯ ಕ್ರಮ. ಮುಖದ ಮೇಲಿನ ಹಾಳೆ ಯಾವ ದೋಷವನ್ನಾದರೂ ಮುಚ್ಚಬಲ್ಲುದು, ಅಂಚು ಮುಚ್ಚಲಾರದು. ಕೊಯ್ದ ಅಂಚಿನಲ್ಲಿ ಹಾಳೆಗಳ ನಡುವೆ ಸಂದು, ಮಣ್ಣಿನಂತಹ ತುಂಬುವಿಕೆ, ಒಂದರ ಮೇಲೊಂದು ಹತ್ತಿದ ಪದರ ಕಂಡರೆ ಆ ಹಲಗೆ ಬೇಡ. ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿರಿ. ಟೊಳ್ಳು ಶಬ್ದ ಬಂದ ಕಡೆ ಒಳಗೆ ಖಾಲಿಯಿದೆ. ಒಂದು ತುಂಡನ್ನು ಬೇಡಿ ತಂದು ನಾಲ್ಕು ಗಂಟೆ ಕುದಿಸಿದರೆ ಅಂಟಿನ ಸತ್ಯ ಹೊರಬೀಳುವುದು. ಹದಿನೆಂಟು ಮಿಲಿಮೀಟರೆಂದು ಹೇಳಿ ಹದಿನಾರನ್ನು ಕೊಡುವುದುಂಟು; ಅಳೆದೇ ಕೊಳ್ಳಿರಿ. ಐ.ಎಸ್.ಐ. ಮುದ್ರೆಯೊಡನೆ ಪರವಾನಗಿಯ ಸಂಖ್ಯೆಯೂ ಇರಬೇಕು. ಅದನ್ನು ಭಾರತೀಯ ಮಾನಕ ಬ್ಯೂರೋದವರ ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಪರಿಶೀಲಿಸಬಹುದು. ಹಲಗೆಯ ದರ್ಜೆಯನ್ನು ರಸೀತಿಯಲ್ಲಿ ಬರೆಸಿಕೊಳ್ಳುವುದು ಅವಶ್ಯ.

ವಾಸನೆಗೂ ಗಮನ ಸಲ್ಲಬೇಕು. ಅಗ್ಗದ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಎಂಬ ಅನಿಲವು ಕಣ್ಣು ಗಂಟಲುಗಳನ್ನು ಉರಿಸುತ್ತದೆ. ಅದು ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲಿ ನಿರ್ಣಯಿಸಿತು. ಮಕ್ಕಳು ಮಲಗುವ ಕೋಣೆಗೆ ಇ-೧ ಅಥವಾ ಇ-೦ ದರ್ಜೆಯ ಹಲಗೆಯನ್ನು ಕೇಳಿರಿ; ಹೊಸ ಬೀರುವಿನ ಬಾಗಿಲನ್ನು ಕೆಲವು ವಾರ ತೆರೆದಿಟ್ಟು ಗಾಳಿಯಾಡಿಸಿರಿ.

ಹಣ ಸಾಲದಾದಾಗ ಎಲ್ಲಿ ಉಳಿಸಬೇಕೆಂಬ ಪ್ರಶ್ನೆ ಏಳುವುದು ಸಹಜ. ಮೈಕಾದ ಬಣ್ಣದಲ್ಲಿ, ಹಿಡಿಗಳ ಅಲಂಕಾರದಲ್ಲಿ, ಗೂಡುಗಳ ಸಂಖ್ಯೆಯಲ್ಲಿ ಉಳಿಸಿರಿ. ನೀರು ತಾಗುವ ಕಡೆಯೂ ಭಾರ ಹೊರುವ ಕಡೆಯೂ ಉಳಿಸಬೇಡಿರಿ. ಈ ವರ್ಷ ಮೂರು ಗೂಡುಗಳನ್ನು ಗಟ್ಟಿಯಾಗಿ ಮಾಡಿಸಿ, ಉಳಿದ ಮೂರನ್ನು ಮುಂದಿನ ಬೆಳೆಗೆ ಬಿಟ್ಟರೆ ಸಾಲದ ಭಾರವೂ ಕಡಿಮೆ, ಆಚಾರಿಗೂ ಅವಸರವಿಲ್ಲ.