ಹುಲ್ಲಿಗೂ ಉಸಿರು ಬೇಕು

ಮುಂಬಯಿಯ ಉಪನಗರಗಳ ಸೊಸಾಯಿಟಿಗಳಲ್ಲಿ ಕಟ್ಟಡಗಳ ನಡುವೆ ಉಳಿದಿರುವ ಹುಲ್ಲಿನ ತುಂಡು ಎಲ್ಲರಿಗೂ ಬೇಕಾದುದು. ಬೆಳಿಗ್ಗೆ ಹಿರಿಯರ ನಡಿಗೆ, ಸಂಜೆ ಮಕ್ಕಳ ಚೆಂಡಾಟ, ಭಾದ್ರಪದ ಬಂದರೆ ಗಣಪತಿಯ ಮಂಟಪ. ಇಷ್ಟು ಕಾಲುಗಳ ತುಳಿತಕ್ಕೆ ಮಣ್ಣು ಇಟ್ಟಿಗೆಯಂತಾಗಿ ಹುಲ್ಲು ಬೋಳಾಯಿತೆಂದರೆ, ಕಮಿಟಿಯ ಸಭೆಯಲ್ಲಿ ಯಾರಾದರೊಬ್ಬರು 'ಪೇವರ್ ಹಾಸಿಬಿಡೋಣ' ಎನ್ನದೆ ಇರರು. ಹಾಸಿದರೆ ಮಕ್ಕಳಿಗೆ ಮೆತ್ತನೆಯ ನೆಲವೂ ಇಲ್ಲ, ಮಳೆನೀರು ಇಂಗಲು ಎಡೆಯೂ ಇಲ್ಲ. ಅದಕ್ಕೆ ಕೈಯೆತ್ತುವ ಮೊದಲು ಮಣ್ಣಿನ ಸ್ಥಿತಿಯನ್ನೊಮ್ಮೆ ನೋಡುವುದು ಒಳ್ಳೆಯದು.

ಹುಲ್ಲಿನ ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಸಂದುಗಳು ಮುಚ್ಚಿದರೆ ಮಳೆಗಾಲದಲ್ಲಿ ನೀರು ಮೇಲೆಯೇ ನಿಂತು ಬೇರು ಕೊಳೆಯುತ್ತದೆ. ಬೇಸಗೆಯಲ್ಲಿ ಎಷ್ಟು ನೀರುಣಿಸಿದರೂ ಒಳಗಿಳಿಯುವುದಿಲ್ಲ. ನೀರುಣಿಸಿದ ಮರುದಿನ ಒಂದು ಸ್ಕ್ರೂಡ್ರೈವರನ್ನು ನೆಲಕ್ಕೆ ಒತ್ತಿರಿ. ಸುಲಭವಾಗಿ ಇಳಿಯದಿದ್ದರೆ ರೋಗ ಇದೇ ಎಂದು ತಿಳಿಯಬಹುದು.

ಇದರ ದೊಡ್ಡ ಉದಾಹರಣೆ ನಮ್ಮ ಬೆಂಗಳೂರಿನಲ್ಲಿದೆ. 2015ರ ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕದೊಡನೆ ನಡೆದ ಟೆಸ್ಟಿನಲ್ಲಿ ಮೊದಲ ದಿನದ ಆಟವಷ್ಟೇ ನಡೆದು, ಉಳಿದ ನಾಲ್ಕು ದಿನ ಮಳೆಯ ಪಾಲಾದುವು. 2017ರಲ್ಲಿ ಅಲ್ಲಿ 'ಸಬ್‌ಏರ್' ಎಂಬ ವ್ಯವಸ್ಥೆ ಬಂದಿತು. ನೆಲದಡಿಯ ಕೊಳವೆಗಳು ನೀರನ್ನು ಹೀರುತ್ತವೆ, ಅವೇ ಕೊಳವೆಗಳ ಮೂಲಕ ಬೇರಿಗೆ ಗಾಳಿಯನ್ನೂ ಊದಬಹುದು.

ನಮಗೆ ಅಷ್ಟು ಆಡಂಬರ ಬೇಡ. ಟೊಳ್ಳು ಹಲ್ಲಿನ ಉಪಕರಣದಿಂದ ಮೂರಂಗುಲ ಆಳಕ್ಕೆ, ಮೂರು ನಾಲ್ಕು ಅಂಗುಲಕ್ಕೊಂದರಂತೆ, ಮಣ್ಣಿನ ಬತ್ತಿಗಳನ್ನು ಕಿತ್ತು ತೆಗೆಯಬೇಕು. ಅದು ಸಿಗದಿದ್ದರೆ ತೋಟದ ಫೋರ್ಕನ್ನು ಚುಚ್ಚಿ ತುಸು ಅಲುಗಿಸಿದರೂ ಆದೀತು. ಮೊಳೆ ಹೊಡೆದ ಚಪ್ಪಲಿಗಳಲ್ಲಿ ನನಗೆ ನಂಬಿಕೆಯಿಲ್ಲ. ಜಿಗುಟು ಮಣ್ಣಿನಲ್ಲಿ ಮೊಳೆ ಸುತ್ತಲಿನ ಮಣ್ಣನ್ನು ಮತ್ತಷ್ಟು ಅಮುಕುತ್ತದೆ. ಬಳಿಕ ಮರಳು ಮತ್ತು ಜರಡಿ ಹಿಡಿದ ಗೊಬ್ಬರವನ್ನು ಪೊರಕೆಯಿಂದ ರಂಧ್ರಗಳಿಗೆ ಗುಡಿಸಬೇಕು. ಮಳೆ ಹಿಂದೆ ಸರಿದು, ನೆಲ ಹಸಿಯಾಗಿದ್ದೂ ಕೆಸರಾಗಿರದ ಅಕ್ಟೋಬರ್ ಇದಕ್ಕೆ ಸರಿಯಾದ ಕಾಲ. ಗಣಪತಿಗೆ ಪ್ರಿಯವಾದ ನಮ್ಮ ಗರಿಕೆಯಾದರೆ ಗಿಣ್ಣುಗಿಣ್ಣಿಗೆ ಬೇರೂರಿ ಬೇಗನೆ ಹಬ್ಬುತ್ತದೆ.

ಒಂದು ಎಚ್ಚರಿಕೆ: ಅನೇಕ ಹೊಸ ಕಟ್ಟಡಗಳ ಹುಲ್ಲು ಪಾರ್ಕಿಂಗಿನ ಛಾವಣಿಯ ಮೇಲಿರುತ್ತದೆ. ಅಲ್ಲಿ ಮಣ್ಣಿನ ಆಳವನ್ನು ವಿಚಾರಿಸದೆ ಚುಚ್ಚಿದರೆ ಕೆಳಗಿನ ನೀರುತಡೆ ಪದರವೇ ತೂತಾದೀತು.

ಕೆಲಸ ಮುಗಿದ ಮೇಲೆ ಎರಡು ವಾರ ಹುಲ್ಲನ್ನು ಯಾರೂ ತುಳಿಯಬಾರದು. ಮಾಳಿಯನ್ನು ಒಪ್ಪಿಸುವುದು ಸುಲಭ. ಚೆಂಡು ಹಿಡಿದು ನಿಂತ ಮಕ್ಕಳನ್ನು ಒಪ್ಪಿಸುವ ಹೊಣೆ ತಾಯಂದಿರದು.