ಎಲ್ಲರೂ ಬಿಜಿ, ಕೆಲಸ ಮಾತ್ರ ಬಾಕಿ

ಬೆಂಗಳೂರಿನ ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ ನಿಂತು ಬೆವರಿದವರಿಗೆ ಗೊತ್ತು: ಬೈಕು, ಆಟೊ, ಟೆಂಪೊ ಒತ್ತಿಕೊಂಡು ರಸ್ತೆಯ ಒಂದಿಂಚೂ ಖಾಲಿ ಉಳಿಯುವುದಿಲ್ಲ, ಯಾರೂ ಮುಂದೆ ಹೋಗುವುದೂ ಇಲ್ಲ. ಆದರೂ ಪಕ್ಕದ ಬಾಗ್ಮನೆ ಟೆಕ್ ಪಾರ್ಕಿನಂಥ ಕಡೆ ಎಷ್ಟೋ ಟೀಮ್ ಲೀಡ್‌ಗಳ ನಂಬಿಕೆ ಬೇರೆಯೇ: ಪ್ರತಿಯೊಬ್ಬರ ಕೈಯಲ್ಲೂ ಸದಾ ಕೆಲಸ ತುಂಬಿದ್ದರೆ ಪ್ರಾಜೆಕ್ಟ್ ಬೇಗ ಮುಗಿಯುತ್ತದೆ.

ಲೆಕ್ಕ ಇದನ್ನು ಒಪ್ಪುವುದಿಲ್ಲ. ಸಾಲುಗಳ ಬಗ್ಗೆ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮವೊಂದಿದೆ. ಕೈಗೆತ್ತಿಕೊಂಡ ಕೆಲಸಗಳ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ, ಒಂದು ಕೆಲಸಕ್ಕೆ ಸರಾಸರಿ ಹಿಡಿಯುವ ಕಾಲ ಸಿಗುತ್ತದೆ. ತಂಡ ವಾರಕ್ಕೆ 5 ಮುಗಿಸುತ್ತದೆ, ಹಚ್ಚಿಕೊಂಡಿರುವುದು 30 ಎಂದರೆ ಒಂದೊಂದಕ್ಕೂ 6 ವಾರ. 15ಕ್ಕೆ ಇಳಿಸಿ, ಮೂರೇ ವಾರ. ಉಳಿದ 15 ಹೊರಗೆ ಕಾಯುವುದಿಲ್ಲವೇ ಎಂದರೆ, ಕಾಯುತ್ತವೆ. ಆದರೆ ಶುರುವಾಗದ ಕೆಲಸವನ್ನು ಬದಲಿಸಬಹುದು, ಕೈಬಿಡಲೂಬಹುದು. ಅರ್ಧಕ್ಕೆ ನಿಂತದ್ದು ಹಾಗಲ್ಲ. ಎಲ್ಲಿಗೆ ಬಿಟ್ಟಿದ್ದೆ ಎಂದು ನೆನಪಿಸಿಕೊಳ್ಳುವುದರಲ್ಲೇ ಬೆಳಗಿನ ಹೊತ್ತು ಕಳೆದುಹೋಗುತ್ತದೆ.

ಒಂದು ಕೆಲಸದ ಕಾರ್ಡಿನ ಬೆನ್ನು ಹತ್ತಿ ನೋಡಿ. ಕೋಡ್ ಬರೆಯಲು ಒಂದು ದಿನ. ಶುಕ್ರವಾರ ಸಂಜೆ ರಿವ್ಯೂಗೆ ಹೋಯಿತು. ಸೀನಿಯರ್ ತೆರೆದದ್ದು ಬುಧವಾರ, ನೋಡಿದ್ದು ಇಪ್ಪತ್ತು ನಿಮಿಷ. ಬರೆಯುವವರನ್ನು ಎಷ್ಟು ಅವಸರಿಸಿದರೂ ಉಳಿಯುವುದು ಕೆಲವೇ ಗಂಟೆ. ಕಾಲ ಕರಗಿದ್ದು ಕಾಯುವುದರಲ್ಲಿ. ಅದು ಯಾರ ಟೈಮ್‌ಶೀಟಿನಲ್ಲೂ ಇರುವುದಿಲ್ಲ, ಹಾಗಾಗಿ ಮೀಟಿಂಗಿನಲ್ಲಿ ಯಾರ ಬಾಯಿಗೂ ಬರುವುದಿಲ್ಲ.

‘ಜಿರಾ ಹಾಕಿಸಿದ್ದೇವಲ್ಲ’ ಎಂಬ ಸಮಾಧಾನ ಇನ್ನೊಂದು. ಕೆಲಸಗಳನ್ನು ಕಾಲಂಗಳಲ್ಲಿ ಜೋಡಿಸುವ ಈ ಸಾಫ್ಟ್‌ವೇರಿನ ಬೋರ್ಡು ಬಾಕಿಯನ್ನು ತೋರಿಸುತ್ತದೆ, ತಾನಾಗಿ ತಡೆಯುವುದಿಲ್ಲ. ಅದರ ಮೂಲವಾದ ಕಾನ್‌ಬಾನ್ ಹುಟ್ಟಿದ್ದು ಜಪಾನಿನ ಟೊಯೋಟ ಕಾರ್ಖಾನೆಗಳಲ್ಲಿ. ಮುಂದಿನ ಹಂತ ಕೇಳುವ ತನಕ ಹಿಂದಿನ ಹಂತ ಹೊಸ ಬಿಡಿಭಾಗ ಮಾಡಬಾರದು ಎನ್ನುವುದೇ ಆ ಪದ್ಧತಿಯ ಜೀವ. ನಮ್ಮ ಆಫೀಸುಗಳು ಬಣ್ಣದ ಕಾಲಂಗಳನ್ನು ತಂದುಕೊಂಡವು, ಮಿತಿಯನ್ನು ಅಲ್ಲೇ ಬಿಟ್ಟು ಬಂದವು. ‘ರಿವ್ಯೂನಲ್ಲಿ ಮೂರಕ್ಕಿಂತ ಹೆಚ್ಚಿದ್ದರೆ ಹೊಸತು ಮುಟ್ಟಬೇಡಿ, ಅವನ್ನು ಮೊದಲು ಮುಗಿಸಿ’ ಎಂಬ ಒಂದು ಸಾಲಿನ ಕಟ್ಟಳೆಗೆ ಸಾಫ್ಟ್‌ವೇರೇ ಬೇಡ, ಗೋಡೆಯ ಮೇಲಿನ ಚೀಟಿ ಸಾಕು.

ತಡವಾದರೆ ಜನ ಸೇರಿಸಿ ಎನ್ನುವುದು ಮ್ಯಾನೇಜರುಗಳ ಕೊನೆಯ ಅಸ್ತ್ರ. ಐಬಿಎಂನಲ್ಲಿ ಪಟ್ಟ ಪಾಡಿನಿಂದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು: ತಡವಾದ ಸಾಫ್ಟ್‌ವೇರ್ ಇದರಿಂದ ಇನ್ನಷ್ಟು ತಡವಾಗುತ್ತದೆ. ಐವರ ತಂಡದಲ್ಲಿ ಒಬ್ಬರಿಗೊಬ್ಬರ ನಂಟು 10, ಹತ್ತು ಜನರಾದರೆ 45. ಹೊಸಬರಿಗೆ ಕಲಿಸಬೇಕಾದವರೂ ಆಗಲೇ ಮುಳುಗಿರುವ ಹಳಬರೇ. ಜನ ಬೇಕೇ ಬೇಕೆಂದರೆ ಬರೆಯುವವರನ್ನಲ್ಲ, ರಿವ್ಯೂ ಮಾಡಬಲ್ಲವರನ್ನು ತನ್ನಿ. ಸಾಲು ನಿಂತಿರುವುದು ಅವರ ಮುಂದೆ.